ಎರಡನೇ ಯಂತ್ರ

ನಮ್ಮ ಅಧ್ಯಯನದ ಮುಖ್ಯಸ್ಥರಾದ ಡಾಕ್ಟರನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಅರಸೀಕೆರೆ, ಹಳೇಬೀಡು, ಬೇಲೂರಿನ ವಯಸ್ಸಾದವರ ಮೆದುಳು ಸ್ಕ್ಯಾನ್ ಮಾಡಿಸಿ ಒಂದು ಊರನ್ನು ಇನ್ನೊಂದಕ್ಕೆ ಹೋಲಿಸುವುದು ಅವರ ಕೆಲಸ. ಅಂಕಿಅಂಶ ನೋಡುವುದು ನನ್ನದು. ಸ್ಕ್ಯಾನ್ ಆದದ್ದು ಹಾಸನದ ಮೂರು ಯಂತ್ರಗಳಲ್ಲಿ. ಒಂದೇ ತಲೆಯನ್ನು ಮೂರರಲ್ಲಿಟ್ಟರೆ ಮೂರು ಥರ ಅಳತೆ ಬರುತ್ತದೆ. ಎರಡನೆಯದಂತೂ ಹಳೇ ಡಬ್ಬ, ಯಾರ ಮೆದುಳನ್ನಾದರೂ ಕುಗ್ಗಿಸಿಯೇ ತೋರಿಸುತ್ತಿತ್ತು. ಹಳೇಬೀಡಿನವರನ್ನು ಹೆಚ್ಚಾಗಿ ಮಲಗಿಸಿದ್ದು ಅದರೊಳಗೇ. ಯಂತ್ರಗಳ ಈ ವ್ಯತ್ಯಾಸವನ್ನು ಮೊದಲು ಲೆಕ್ಕದಿಂದ ಕಳೆಯಬೇಕು.

ಮುಖ್ಯಸ್ಥರು ಜನರನ್ನು ಕರೆತರುವ ವ್ಯಾನಿನ ದಾರಿಯಲ್ಲಿ ಸಿಗುವ ಕ್ರಮದಲ್ಲೇ ಯಂತ್ರಗಳಿಗೆ ಒಂದು, ಎರಡು, ಮೂರು ಎಂದು ನಂಬರು ಕೊಟ್ಟು, ಅದನ್ನೇ ಅಳತೆಯೆಂಬಂತೆ ಒಂದೇ ಕಾಲಮ್ಮಿನಲ್ಲಿ ತುಂಬಿದ್ದರು. ಬಸ್ಸಿನ ಸ್ಟೇಜುಗಳ ಹಾಗೆ, ಎರಡನೆಯದು ಒಂದಕ್ಕೂ ಮೂರಕ್ಕೂ ನಡುವೆಯೇ ಇರಬೇಕು ಎಂದು ಕಂಪ್ಯೂಟರ್ ನಂಬಿತು. ಯಂತ್ರದ ತಪ್ಪು ಕಳೆಯಲೇ ಇಲ್ಲ, ಹಳೇಬೀಡಿನವರ ತಲೆಗೆ ಬಂತು.

ನಾನು ಒಂದು ಯಂತ್ರವನ್ನು ಹೋಲಿಕೆಗೆ ಬಿಟ್ಟು, ಉಳಿದೆರಡಕ್ಕೂ ಬೇರೆ ಬೇರೆ ಕಾಲಮ್ಮು ಮಾಡಿದೆ. ಒಂದೊಂದು ಯಂತ್ರದ ತಪ್ಪೂ ಬೇರೆಯಾಗಿಯೇ ಕಳೆದು, ಊರುಗಳ ನಡುವಿನ ವ್ಯತ್ಯಾಸವೇ ಮಾಯವಾಯಿತು. ತೋರಿಸಿದರೆ ಮುಖ್ಯಸ್ಥರು ತಲೆಯೆತ್ತಲೂ ಇಲ್ಲ.

"ಅದನ್ನೆಲ್ಲ ಯಾರಮ್ಮ ಕೇಳ್ತಾರೆ? ವ್ಯತ್ಯಾಸ ಹೋದ್ರೆ ಬರೆಯೋಕೆ ಏನಿರುತ್ತೆ?"

ಅಷ್ಟರಲ್ಲಿ ಈ ಮಹಾನುಭಾವರು ಹಳೇಬೀಡಿನಲ್ಲಿ ಸಭೆ ಸೇರಿಸಿ, ನಿಮ್ಮೂರಿನವರ ಮೆದುಳು ಬೇಗ ಸವೆಯುತ್ತಿದೆ ಎಂದು ಸಾರಿಬಿಟ್ಟಿದ್ದರು. ಸ್ಕ್ಯಾನ್ ಮಾಡಿಸಿಕೊಂಡಿದ್ದ ನನ್ನ ದೊಡ್ಡಮ್ಮ ಮಗನ ಜೊತೆ ಅಲ್ಲಿ ಕೂತಿದ್ದರು. ದೊಡ್ಡಪ್ಪ ಹೋದ ಮೇಲೆ ದಿನಸಿ ಅಂಗಡಿಯನ್ನು ಒಬ್ಬರೇ ನಡೆಸಿದವರು. ಸಭೆ ಮುಗಿಸಿ ಮನೆಗೆ ಬಂದವನೇ ಮಗ ಅವರ ಸೊಂಟದಿಂದ ಅಂಗಡಿಯ ಬೀಗದ ಕೈ ಬಿಚ್ಚಿಸಿಕೊಂಡ. ಅವನು ಕಾಯುತ್ತಿದ್ದದ್ದೇ ಇಂಥ ನೆಪಕ್ಕೆ.

ಸುದ್ದಿ ತಿಳಿದು ಹೊಸ ಲೆಕ್ಕ ಹಿಡಿದುಕೊಂಡು ಹಳೇಬೀಡಿಗೆ ಓಡಿದೆ. ಅಂಗಡಿಯಲ್ಲಿ ಅಣ್ಣ ಕಾಲ ಮೇಲೆ ಕಾಲು ಹಾಕಿ ಕೂತಿದ್ದ, ದೊಡ್ಡಮ್ಮ ಮೂಲೆಯಲ್ಲಿದ್ದರು. ಡಾಕ್ಟರ ಲೆಕ್ಕ ತಪ್ಪು ಎಂದು ಹಾಳೆ ತೋರಿಸಿದೆ.

"ಅಷ್ಟ್ ದೊಡ್ಡ ಡಾಕ್ಟ್ರು ಸುಳ್ ಹೇಳ್ತಾರೇನೇ? ಕಂಪ್ಯೂಟರ್ ಕುಟ್ಟೋ ನಿಂಗೇನ್ ಗೊತ್ತೈತೆ?"

ನನ್ನ ಪಿತ್ತ ನೆತ್ತಿಗೇರಿತು. ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಯಂತ್ರ ಕೆಟ್ಟದ್ದು, ಡಾಕ್ಟರು ಕೆಟ್ಟವರು, ನೀನು ಇಬ್ಬರಿಗಿಂತ ಕೆಟ್ಟವನು ಎಂದೆ. ಗಿರಾಕಿಗಳು ನಿಂತು ನೋಡತೊಡಗಿದಾಗ ಅವನು ನಾಚಿ, ಬೀಗದ ಕೈಯನ್ನು ದೊಡ್ಡಮ್ಮನ ಮುಂದೆ ಎಸೆದ.

ದೊಡ್ಡಮ್ಮ ಅದನ್ನು ಮುಟ್ಟಲಿಲ್ಲ.

"ಅವ್ನತ್ರಾನೇ ಇರ್ಲಿ ಬಿಡವ್ವ. ಮೊನ್ನೆ ಯಾರೋ ಬೆಲ್ಲ ಕೇಳಿದ್ರೆ ಉಪ್ಪು ಕೊಟ್ಟೆ. ಡಾಕ್ಟ್ರು ಹೇಳಿದಾಗಿಂದ ನಂಗೂ ಹಂಗೇ ಅನ್ನಿಸ್ತೈತೆ."