ಮಂದಿಗಂತ ಹಾಕ್ಸಿದ ಪಾಟಾ

ಉಳವಪ್ಪನ ಜೀಪಿನ್ಯಾಗ ಮುಂದಿನ ಸೀಟು ನಂದು. ಯಾರೂ ಬರದು ಕೊಟ್ಟಿದ್ದಿಲ್ಲ, ಆದ್ರೂ ನಂದ. ನಂದಗಡದಿಂದ ಖಾನಾಪುರ ಸಂತಿಗೆ ಮೆಣಸಿನಕಾಯಿ ಬುಟ್ಟಿ ಒಯ್ಯಾಕ ಸುರು ಮಾಡಿದಾಗಿಂದ ನಾ ಅಲ್ಲೇ ಕುಂತಾಕಿ. ಹೊಸಬರು ಯಾರರ ಕುಂತಿದ್ರ "ಏಳ್ರಿ, ಸಾವಂತ್ರಕ್ಕ ಬಂದಳು" ಅಂತ ಉಳವಪ್ಪನ ಎಬ್ಬಸಾಂವ. ಅವರು ಮಾರಿ ಗಂಟ ಹಾಕ್ಕೊಂಡು ಹಿಂದ ಹೋಗೋರು. ಹಿಂದ ಅಂದ್ರ ಏನ್ ಜಾಗಾ ಇರತಿತ್ತು ಅಂತ ಮಾಡೀರಿ? ಮಂದಿ, ಕೋಳಿ, ಹಾಲಿನ ಕ್ಯಾನು, ಒಬ್ಬರ ತೊಡಿ ಮ್ಯಾಲ ಇನ್ನೊಬ್ಬರ ಕೂಸು. ಹದಿನಾರು ಮಂದಿ ಆಗೂ ತನಕ ಉಳವಪ್ಪ ಚಾವಿ ತಿರುವತಿದ್ದಿಲ್ಲ. ಆದ ಮ್ಯಾಲೆ ಜೀಪಿನ ಬಗಲಿಗೆ ಅಂಗೈಲೆ ಬಡದು "ತುಂಬೇತಿ, ಹೋಗೂಣು" ಅಂತಿದ್ದ. ಇಂಥಾ ಜೀಪಿಗೆ ನಮ್ಮ ಕಡೆ ವಡಾಪ ಅಂತಾರ.

ಅವಂಗ ಲಗ್ನ ಆಗಲಿಲ್ಲ. ಕನ್ಯಾ ನೋಡಾಕ ಹೋದ್ರೂ ಡೀಸಲ್ ವಾಸನಿ ಅಂಗ್ಯಾಗ ಹೋಗಾಂವ. ಸ್ಟ್ಯಾಂಡಿನ್ಯಾಗ ಮಂದಿ ಕಾಯಾಕತ್ತಾರ ಅಂತ ಚಾ ಅರ್ಧಾ ಬಿಟ್ಟು ಎದ್ದ ಬರಾಂವ. ಇಂಥಾವಂಗ ಯಾರ ಹೆಣ್ಣ ಕೊಡ್ತಾರ? ಖಾನಾಪುರದಾಗ ಒಂದು ಖೋಲಿ ಹಿಡದಿದ್ದ, ಬರೇ ಮಲಗಾಕ. ಅವನ ಮನಿ ಅಂದ್ರ ನಾವ. ಯಾರ ಸೊಸಿ ಬಸರಿ, ಯಾರ ಎಮ್ಮಿ ಈದೇತಿ, ಎಲ್ಲಾ ಗೊತ್ತು ಅವಂಗ. ತನ್ನ ಸುದ್ದಿ ಅಂತ ಹೇಳಾಕ ಮಾತ್ರ ಏನೂ ಇರತಿದ್ದಿಲ್ಲ.

ಆಮ್ಯಾಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಫುಕಟ್ ಆತು. ನಾನೂ ಹತ್ತಿದ್ನಿ. ಯಾಕ ಹತ್ತಬಾರದು? ಹುಟ್ಟಿದಾಗಿಂದ ಸರ್ಕಾರ ನಂಗ ಕೊಟ್ಟಿದ್ದು ಅದೊಂದ. ಹೆಂಗಸರು ಹೋದ ಮ್ಯಾಲೆ ಗಂಡಸರೂ ಒಬ್ಬೊಬ್ಬರ ಜಾರಿದ್ರು. ಕೆಲವರು ಬಸ್ಸಿಗೆ, ಕೆಲವರು ಮೋಟರ್ ಸೈಕಲ್ಲಿಗೆ. ಜೀಪು ಸ್ಟ್ಯಾಂಡಿನ್ಯಾಗ ನಿಂತ ಬಿಟ್ತು. ಉಳವಪ್ಪ ಮಾತ್ರ ದಿನಾ ಬಂದು ಸ್ಟೇರಿಂಗ್ ಹಿಂದ ಕುಂದರಾಂವ. ಬಸ್ಸಿನ ಕಿಡಕ್ಯಾಗ ನಾ ಕಂಡ್ರ ಕೈ ಎತ್ತಾಂವ.

ಹೋದ ವರ್ಷ ಮಳಿ ನಿಂತ ಮ್ಯಾಲೆ ಸಂತ್ಯಾಗ ನನ್ನ ಬುಟ್ಟಿ ಮುಂದ ಬಂದು ಕುಂತ.

"ಅಕ್ಕಾ, ನಾ ಕಚ್ಛಕ್ಕ ಹೊಂಟೇನಿ."

"ಅದೆಲ್ಲೈತೋ?"

"ಗುಜರಾತದಾಗ. ಅಲ್ಲಿ ಬಯಲೆಲ್ಲಾ ಬೆಳ್ಳನ್ನ ಉಪ್ಪ ಅಂತ. ಮಳಿ ಅಪರೂಪ. ಹುಟ್ಟಿದಾಗಿಂದ ಈ ಖಾನಾಪುರದ ರಾಡ್ಯಾಗ ಗಾಡಿ ಹೊಡದೇನಿ. ಒಮ್ಮಿ ಒಣಾ ನೆಲದ ಮ್ಯಾಲೆ ಹೊಡೀಬೇಕು."

"ಯಾರ ಜೋಡಿ?"

"ಜೀಪಿನ ಜೋಡಿ."

ಥಂಡಿ ದಿನದಾಗ ಹೋಗಿ ಬರಬೇಕು, ಬ್ಯಾಸಗಿ ಬಂದ್ರ ಅಲ್ಲಿ ಬಿಸಲಿಗೆ ಮನಶಾ ಉಳಿಯಂಗಿಲ್ಲ, ಅದರ ಮುಂದಿನ ವರ್ಷ ತನ್ನ ಕಣ್ಣು, ಜೀಪು ಹೆಂಗಿರ್ತಾವೋ ಏನೋ ಅಂದ. ಅವನ ದನಿ ಕೇಳಿ ನಂಗ ಚ್ಯಾಷ್ಟಿ ಮಾಡಾಕ ಮನಸ ಬರಲಿಲ್ಲ.

ಬೆಳಗಾವಿ ಉದ್ಯಮಬಾಗದಾಗ ಅಭಿಜಿತ ಅಂತ ಒಬ್ಬ ಮಿಸ್ತ್ರಿ ಇದ್ದಾನ. ಅವನ ಗ್ಯಾರೇಜಿನ್ಯಾಗ ಕೆಲಸ ಸುರು ಆತು. ರೇಡಿಯೇಟರ್ ತೊಳಿಸಿದ್ರು, ರಬ್ಬರ ಪೈಪೆಲ್ಲಾ ಹೊಸಾವು ಹಾಕಿದ್ರು. ನಾಕೂ ಗಾಲಿ ಎಳಿಯೂ ಹಂಗ ಮಾಡೂ ಸಣ್ಣ ಲಿವರ್ ಜಂಗ ಹಿಡದು ಅಲ್ಲಾಡತಿದ್ದಿಲ್ಲ, ಅದನ್ನ ಎಣ್ಣಿ ಬಿಟ್ಟು ಬಿಡಿಸಿದ್ರು. ಉಳವಪ್ಪ ಎರಡು ಸ್ಟೆಪನಿ ಗಾಲಿ, ನೀರಿನ ಕ್ಯಾನು, ಸ್ಟೋ, ಉಸುಕಿನ್ಯಾಗ ಸಿಕ್ಕೊಂಡ್ರ ತೋಡಾಕ ಸಲಕಿ, ಎಲ್ಲಾ ತುಂಬಿಕೊಂಡ. ಹಿಂದ ಮಂದಿ ಕುಂದರೂ ಬಾಕು ತಗದ್ರ ಮಲಗಾಕ ಛೊಲೋ ಜಾಗಾ ಆಗತಿತ್ತು. ತಗೀಲಿಲ್ಲ. ಒಂದು ಬಾಕಿನ ಮ್ಯಾಲೆನ ಗಾದಿ ಹಾಸಿದ.

ಎಲ್ಲಾ ಆದ ಮ್ಯಾಲೆ ಪಾರಿಶ್ವಾಡದ ತನಕ ಒಬ್ಬನ ಹೊಡಕೊಂಡ ಹೋಗಿ ನೋಡಿದ. ಜೀಪು ಕುಣದ ಕುಣೀತು. ನೀರಿನ ಕ್ಯಾನು ಒಡದು ಗಾದಿ ತೊಯ್ತು, ಸ್ಟೋದ ಕಾಲು ಮುರೀತು, ರೇಡಿಯೇಟರ್ ನಟ್ಟು ಸಡ್ಲಾತು, ಅವನ ನಡಾ ಹಿಡೀತು. ಅಭಿಜಿತ ಜೀಪಿನ ಕೆಳಗ ಹೊಕ್ಕು ನೋಡಿ ಹೊರಗ ಬಂದ.

"ಕಾಕಾ, ಪಾಟಾ ಭಾಳ ಅದಾವು."

ಗಾಲಿ ಮ್ಯಾಲ ಒಂದರ ಮ್ಯಾಲೊಂದು ಇರ್ತಾವಲ್ಲ, ಭಾರ ಹೊರೂ ಕಬ್ಬಿಣದ ಪಟ್ಟಿ, ಅವ ಪಾಟಾ. ಮಂದಿ ತುಂಬಾಕ ಅಂತ ಉಳವಪ್ಪ ಹಿಂದಕ ಹೆಚ್ಚಿನವು ಹಾಕ್ಸಿದ್ದ. ಮಂದಿ ಇದ್ರ ಅವು ಬಗ್ಗತಾವು. ಒಬ್ಬಾಂವ ಕುಂತ್ರ ಬಗ್ಗಂಗಿಲ್ಲ, ಎತ್ತಿ ಒಗೀತಾವು. ಹಿಂಗ ಹೋದ್ರ ಪುಣೆ ಮುಟ್ಟೂದ್ರಾಗ ಏನರ ಮುರೀತೈತಿ, ಹೆಚ್ಚಿನವು ತಗದು ಬಿಡೂಣು ಅಂದ ಅಭಿಜಿತ.

"ತಗದ ಮ್ಯಾಲೆ ನಾಳಿ ಮಂದಿ ಬಂದ್ರ?" ಅಂದ ಉಳವಪ್ಪ.

"ಯಾವ ಮಂದಿ ಕಾಕಾ?"

ಇಷ್ಟಕ್ಕ ಉಳವಪ್ಪ ಸಿಟ್ಟಾಗಿ ಜೀಪು ತಗೊಂಡು ಬಂದ ಬಿಟ್ಟ.

ಎಂಟ ದಿನಾ ಬಿಟ್ಟು ನಾ ಖಾನಾಪುರ ಸ್ಟ್ಯಾಂಡಿನ್ಯಾಗ ಇಳದು ನೋಡ್ತೇನಿ, ಜೀಪಿನ ಹಿಂದ ಎರಡೂ ಬಾಜು ಬಾಕಿನ ಮ್ಯಾಲೆ ಉಸುಕಿನ ಚೀಲ ಸಾಲಾಗಿ ಕುಂದರಿಸ್ಯಾನ. ನಾವು ಕುಂದರತಿದ್ದ ಹಂಗ, ಒಂದಕ್ಕೊಂದು ತಗಲಿ. ಭಾರ ಇದ್ರ ಕುಣಿಯಂಗಿಲ್ಲಂತ. ನಂಗ ಮೊದಲ ನಗು ಬಂತು, ಆಮ್ಯಾಲೆ ನಿಂತ ಹೋತು.

"ಇಷ್ಟು ಭಾರ ಹೊತ್ಕೊಂಡು ಆ ಉಪ್ಪಿನ ನೆಲದಾಗ ಹೋದ್ರ ಜೀಪು ಹುಗೀತೈತಿ, ಗೊತ್ತಿಲ್ಲ ನಿನಗ?" ಅಂದ್ನಿ.

"ಅಭಿಜಿತನೂ ಫೋನಿನ್ಯಾಗ ಹಂಗ ಅಂದ."

"ಮತ್ತ?"

ಅಂವ ಸರಿದಿದ್ದ ಒಂದು ಚೀಲ ನೆಟ್ಟಗ ಮಾಡಿದ. ಸಂಕ್ರಾಂತಿ ಹತ್ತರ ಬಂದಿತ್ತು. ಇನ್ನೊಂದಿಷ್ಟು ದಿನಾ ಹಿಂಗ ಕುಂತ್ರ ಬ್ಯಾಸಗಿ ಬರತಿತ್ತು, ಹೋಗೂದು ಮುಗೀತಿತ್ತು. ನಂಗ ತಲಿ ಕೆಟ್ಟು ಹೋತು.

"ಚೀಲ ಇಳಿಸು," ಅಂದ್ನಿ. "ನಾ ನೆಹರು ನಗರದ ದವಾಖಾನಿಗೆ ಹೋಗಿ ಕಣ್ಣ ತೋರಸಬೇಕು. ನಡಿ, ಬೆಳಗಾವಿಗೆ."

"ಬಸ್ಸ ಐತಲ್ಲ ಅಕ್ಕಾ, ಫುಕಟ್."

"ನನ್ನ ಸೀಟು ಇಲ್ಲೈತಿ. ಚೀಲ ಇಳಿಸು ಅಂದ್ರ ಇಳಿಸು."

ಇಳಿಸಿದ. ನಾ ನನ್ನ ಜಾಗಾದಾಗ ಕುಂತ್ನಿ. ಹಿಂದ ಯಾರೂ ಇಲ್ಲದ ಜೀಪಿನ್ಯಾಗ ನಾ ಅವತ್ತ ಮೊದಲನೇ ಸಲ ಕುಂತಿದ್ದು. ಹಾದಿ ತುಂಬ ಖಾಲಿ ಬಾಕು ಕಟಕಟ ಅಂತಿದ್ವು. ಉಳವಪ್ಪ ಇದ್ದಲಹೊಂಡದಾಗ ನಿಂದರಿಸಿದ. ಯಾರೂ ಕೈ ಮಾಡಿದ್ದಿಲ್ಲ. ದೇಸೂರದಾಗೂ ನಿಂದರಿಸಿದ. ಅಲ್ಲಿ ನಿಂತ ಹೆಣಮಗಳೊಬ್ಬಾಕಿ ನಮ್ಮ ಕಡೆ ನೋಡಿದಳು. ಉಳವಪ್ಪ ತಲಿ ಹೊರಗ ಹಾಕಿ "ಬರ್ರಿ, ಜಾಗಾ ಐತಿ" ಅಂದ. ಹಿಂದಿನಿಂದ ಬಸ್ಸ ಬಂತು, ಆಕಿ ಅದನ್ನ ಹತ್ತಿ ಹೋದಳು. ಬಸ್ಸು ಮರಿ ಆಗೂ ತನಕ ಅಂವ ಗಾಡಿ ತಗೀಲಿಲ್ಲ.

"ಉಳವಪ್ಪಾ, ಯಾರೂ ಬರಂಗಿಲ್ಲೋ," ಅಂದ್ನಿ.

"ಗೊತ್ತೈತಿ ಅಕ್ಕಾ." ಸ್ಟೇರಿಂಗ್ ಒರಸಕೋತ ಕುಂತ. "ಪಾಟಾ ತಗದ್ರ ನಾ ಒಬ್ಬನ ಅನ್ನೂದು ಖರೇ ಆಗತೈತಿ. ಅದಕ್ಕ ಅಂಜಿಕಿ."

ನಂಗೂ ದುಃಖ ಬಂತು. ನಾ ಮತ್ತ ದಿನಾ ಜೀಪ ಹತ್ತತೇನಿ ಅಂತ ಸುಳ್ಳ ಹೇಳಾಕ ಆಗಲಿಲ್ಲ. "ಉದ್ಯಮಬಾಗಕ್ಕ ನಡಿ," ಅಂದ್ನಿ ಅಷ್ಟ.

ಅಭಿಜಿತ ಜ್ಯಾಕ ಹಚ್ಚಿ ಎರಡೂ ಕಡಿಂದ ಹೆಚ್ಚಿನ ಪಾಟಾ ತಗದ. ಉಳವಪ್ಪ ಆ ಕಡೆ ಬೆನ್ನ ಮಾಡಿ ನಿಂತಿದ್ದ, ನಂಗ ದವಾಖಾನಿಗೆ ತಡಾ ಆಗಂಗಿಲ್ಲೇನು ಅಂತ ಮತ್ತ ಮತ್ತ ಕೇಳತಿದ್ದ. ಜ್ಯಾಕ ಇಳಿಸಿದ್ರು. ಪಾಟಾ ಕಡಿಮಿ ಆಗಿದ್ದಕ್ಕ ಜೀಪು ಹಿಂದ ತಗ್ಗಿ ಕುಂತಿತು. ನಾವೆಲ್ಲಾ ಹತ್ತಿದಾಗ ಹೆಂಗ ತಗ್ಗತಿತ್ತೋ, ಅಷ್ಟ.

ಉಳವಪ್ಪ ಹೊಳ್ಳಿ ನೋಡಿದ. ಸುತ್ತು ಹಾಕಿ ಬಂದ. ಬಗಲಿಗೆ ಅಂಗೈಲೆ ಬಡದ.

"ತುಂಬೇತಿ," ಅಂದ. ಮುಂದಿನ ಮಾತು ಅವನ ಬಾಯಿಂದ ಬರಲಿಲ್ಲ.

"ಹೋಗೂಣು ಅನ್ನು," ಅಂದ್ನಿ ನಾ. "ಖಾನಾಪುರಕ್ಕ ಹೊಳ್ಳಿ ಬರಬ್ಯಾಡ. ಬಂದ್ರ ಮತ್ತ ಚೀಲ ಹೇರತಿ. ಸಾಮಾನೆಲ್ಲಾ ಬಾಕಿನ ಕೆಳಗ ಅದಾವ, ಹೈವೇ ಇಲ್ಲೇ ಐತಿ, ಹೋಗು."

"ನಿಮ್ಮ ಕಣ್ಣು?"

"ನನ್ನ ಕಣ್ಣಿಗೆ ಏನಾಗೇತಿ? ಛೊಲೋ ಅದಾವ."

ಅಂವ ನಕ್ಕ. ಆಮ್ಯಾಲೆ ಪಾಟಾ ಗುಜರಿಗೆ ಹಾಕಬ್ಯಾಡ್ರಿ, ಅಕ್ಕನ ಕಡೆ ಇರಲಿ ಅಂದ. ಅಭಿಜಿತ ಅವನ್ನ ಗೋಣಿ ಚೀಲದಾಗ ಸುತ್ತಿ ಬಸ್ಸಿನ್ಯಾಗ ಏರಿಸಿ ಕೊಟ್ಟ. ಜೀಪು ಪುಣೆ ಕಡೆ ಹೋತು, ನಾ ಖಾನಾಪುರ ಕಡೆ ಬಂದ್ನಿ.

ಕಂಡಕ್ಟರ್ ಗಂಟಿಗೆ ಕಾಲ ತಾಗಿಸಿ ನೋಡಿದ. "ಆಯಿ, ನಿನಗ ಫುಕಟ್, ಇದಕ್ಕಿಲ್ಲ. ಲಗೇಜ ತಿಕೀಟ ತಗೀಬೇಕು. ಏನೈತಿ ಇದರಾಗ?"

"ಮಂದಿ," ಅಂದ್ನಿ. ಮುದುಕಿಗೆ ತಲಿ ಸರಿ ಇಲ್ಲ ಅಂತ ಅನಕೊಂಡನೋ ಏನೋ, ಸುಮ್ನ ತಿಕೀಟ ಹರದು ಕೊಟ್ಟ. ನಾನೂ ಜಗಳಾಡದ ರೊಕ್ಕಾ ಕೊಟ್ನಿ. ಪಾಟಾ ಈಗ ನಮ್ಮ ಬಾಗಲಾ ಹಿಂದ ಅದಾವ. ಕಮ್ಮಾರ ಚನ್ನಬಸಯ್ಯ ಎರಡ ಸಲ ಬಂದು ಕುಡಗೋಲು ಮಾಡಿ ಕೊಡ್ತೇನಿ ಅಂದ. ಕೊಡಂಗಿಲ್ಲ ಅಂತ ಕಳಿಸೇನಿ.

ಸಂಕ್ರಾಂತಿ ಆದ ಮ್ಯಾಲೆ ಉಳವಪ್ಪನ ಫೋನ ಬಂತು. ಗಾಳಿ ಬಿಟ್ರ ಹಿಂದ ಬ್ಯಾರೆ ಸಪ್ಪಳ ಇದ್ದಿಲ್ಲ.

"ಮುಟ್ಟೇನಿ ಅಕ್ಕಾ. ಎಲ್ಲಾ ಬೆಳ್ಳಗೈತಿ. ಜೀಪು ಒಟ್ಟ ಕುಣೀಲಿಲ್ಲ."

"ಛೊಲೋ ಆತಲ್ಲ. ಮತ್ಯಾಕ ದನಿ ಹಂಗ?"



"ಇಲ್ಲಿ ಒಂದೂ ಸ್ಟಾಪ್ ಇಲ್ಲ ಅಕ್ಕಾ. ಎಲ್ಲಿ ನಿಂದರಸಬೇಕೋ ತಿಳೀವಲ್ದು."