ಬಣ್ಣ ಹಚ್ಚದ ಅಂಚು

ಎರಡು ಸಾವಿರದ ಇಸವಿಯ ಆಸುಪಾಸು ನನಗೆ ಕನ್ನಡಿ ಕೊಯ್ಯುವ ಹುಚ್ಚು ಹಿಡಿದಿತ್ತು. ವಾರವಿಡೀ ಕಚೇರಿಯ ಗುಮಾಸ್ತ. ಭಾನುವಾರ ಬಂತೆಂದರೆ ವಡಗಾವಿಯ ಮನೆಯ ಪಡಸಾಲೆಯಲ್ಲಿ ಕೌದಿ ಹಾಸಿ ಕುಳಿತುಬಿಡುತ್ತಿದ್ದೆ. ಕಟರ್ ಸೀಮೆಎಣ್ಣೆಯಲ್ಲಿ ಅದ್ದಿ, ಪಟ್ಟಿ ಹಿಡಿದು ಒಂದೇ ಉಸಿರಿಗೆ ಗೀರೆಳೆದು, ಮಣೆಯ ತುದಿಗಿಟ್ಟು ಒತ್ತಿದರೆ ಗಾಜು ಟಕ್ಕೆಂದು ಎರಡಾಗಬೇಕು. ಮೊದಮೊದಲು ನಾಲ್ಕಾಗುತ್ತಿತ್ತು. ಹೆಂಡತಿ ಚೂರು ಗುಡಿಸುತ್ತ, "ಸಾಕ ಮಾಡ್ರಿ, ಮನ್ಯಾಗ ಬರಿಗಾಲಿಲೆ ಅಡ್ಡಾಡೂದ ಕಷ್ಟ ಆಗೇತಿ" ಎನ್ನುತ್ತಿದ್ದಳು.

ಕೊನೆಗೊಂದು ಸರಿಯಾಗಿ ಬಂತು. ನೀರು ಹಾಕಿ ಅದರ ಅಂಚನ್ನು ಸಾಣೆಕಲ್ಲಿಗೆ ಉಜ್ಜುತ್ತ ಎರಡು ಭಾನುವಾರ ಕಳೆದೆ. ಬೆರಳಾಡಿಸಿದರೆ ಬೆಣ್ಣೆ. ರವಿವಾರ ಪೇಟೆಯಲ್ಲಿ ಗಾಜು ಕೊಟ್ಟ ಮುದುಕ ಮೊದಲೇ ಹೇಳಿದ್ದ: "ಉಜ್ಜಿದ ಮ್ಯಾಲೆ ಅಂಚಿಗೆ ಪೇಂಟ್ ಹಚ್ಚರಿ. ಇಲ್ಲಂದ್ರ ತ್ಯಾವ ಒಳಗ ಹೊಕ್ಕು ಕರ್ರಗ ಆಕೈತಿ." ನಾನು ಹಚ್ಚಲಿಲ್ಲ. ಹಚ್ಚಿದರೆ ನನ್ನ ಕೈಕೆಲಸ ಯಾರಿಗೆ ಕಾಣಬೇಕು? ಚೌಕಟ್ಟನ್ನೂ ಹಾಕಿಸಲಿಲ್ಲ.

ಅದನ್ನು ಖಾನಾಪುರದ ಅತ್ತೆಯ ಮನೆಗೆ ಒಯ್ದೆ. ಅವರು ಬಾಗಿಲ ಎದುರಿನ ಗೋಡೆಗೇ ಹಾಕಿಸಿದರು. ಬಂದವರಿಗೆಲ್ಲ, "ನಮ್ಮ ಅಳಿಯಾರ ಕೈಲೆ ಮಾಡ್ಯಾರ" ಎಂದು ಅಂಚು ಮುಟ್ಟಿಸುತ್ತಿದ್ದರು. ನಾನು ಪಕ್ಕದಲ್ಲೇ ಉಬ್ಬಿ ಕುಳಿತಿರುತ್ತಿದ್ದೆ.

ಮಳೆಗಾಲ ಕಳೆದು ದೀಪಾವಳಿಗೆ ಹೋದಾಗ ಕನ್ನಡಿಯ ಕೆಳ ಅಂಚಿನಿಂದ ಕಪ್ಪು ಮೇಲೇರಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಸರಿಮಾಡಿಕೊಂಡು ಅಂದರು: "ತಪ್ಪಾತ್ರಿ ಅಳಿಯಾರ. ದಿನಾ ಹಸಿ ಅರಿವಿಲೆ ಒರಸಿದ್ನಿ. ನಾನ ಕೆಡಿಸಿದೆ."

ಮುದುಕನ ಮಾತು ನನಗೆ ಚೆನ್ನಾಗಿ ನೆನಪಿತ್ತು. ಆದರೆ ಮನೆ ತುಂಬ ಬೀಗರಿದ್ದರು. "ಕನ್ನಡಿ ಒಣ ಅರಿವಿಲೆ ಒರಸಬೇಕ್ರಿ ಅತ್ತಿ" ಎಂದೆ. ಅಷ್ಟಕ್ಕೇ ಬಿಡದೆ, ಎದ್ದು ಒಣ ಬಟ್ಟೆ ಹಿಡಿದು ಹೇಗೆ ಒರೆಸಬೇಕೆಂದು ತೋರಿಸಿಯೂ ಕೊಟ್ಟೆ. ಅರವತ್ತು ದಾಟಿದ ಆಕೆ ಹೊಸ ಸೊಸೆಯ ಹಾಗೆ ತಲೆಯಾಡಿಸಿದರು. ಆ ತಲೆಯಾಡಿಸಿದ್ದು ನೆನಪಾದರೆ ಇವತ್ತಿಗೂ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ.

ಮರಳಿ ಬರುವಾಗ ಬಸ್ಸಿನಲ್ಲಿ ಹೆಂಡತಿ ಕೇಳಿದಳು: "ಖರೇನ ಹಸಿ ಅರಿವಿಲೆ ಹಂಗ ಆಗತೈತೇನ್ರಿ?"

"ಹೂಂ" ಎಂದು ಕಿಟಕಿಯ ಹೊರಗೆ ನೋಡಿದೆ.

ಮುಂದಿನ ವರ್ಷ ಇನ್ನೊಂದು ಕನ್ನಡಿ ಮಾಡಿದೆ. ಈ ಸಲ ಅಂಚಿಗೆ ಎರಡೆರಡು ಸಲ ಪೇಂಟ್ ಬಳಿದೆ. ಬಾಯಿಂದ ಹೇಳಲಾಗದ್ದನ್ನು ಹೀಗಾದರೂ ತೀರಿಸಿಬಿಡೋಣ ಎಂಬ ಕಳ್ಳಬುದ್ಧಿ. ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು.

"ಗ್ವಾಡಿಗೆ ಬ್ಯಾಡ್ರಿ. ನನ್ನ ಕೈಯಾಗ ಇಂಥಾವು ಉಳಿಯೂದಿಲ್ಲ" ಎಂದು, ಹಳೆಯ ಕನ್ನಡಿಯಲ್ಲಿ ಕಪ್ಪಾಗದೆ ಉಳಿದಿದ್ದ ಕಡೆ ಮುಖ ತಂದು ಕುಂಕುಮ ಸರಿಮಾಡಿಕೊಂಡರು.

ಆಗಲಾದರೂ ಹೇಳಬೇಕಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು.

"ಚಾ ಆತೇನ್ರಿ ಅತ್ತಿ?" ಎಂದೆ.