ಮುಷ್ಟಿ ಮೊಳ

ನಮ್ಮ ವಿಭಾಗದ ಹಳೆ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಸೇರುವ ದಿನ ಒಂದು ಪದ್ಧತಿ ಇದೆ. ಓದುವಾಗ ಪ್ರಾಜೆಕ್ಟಿಗೆ ಇಬ್ಬಿಬ್ಬರ ಜೋಡಿ ಮಾಡುತ್ತಿದ್ದರು. ಆಗ ಊರಿನವರ ನಡುವೆ ಕೆಲಸ ಮಾಡುತ್ತ ತಾವು ಮಾಡಿದ ಒಂದು ತಪ್ಪನ್ನು ಆ ಇಬ್ಬರೂ ಹೊಸ ವಿದ್ಯಾರ್ಥಿಗಳ ಮುಂದೆ ನಿಂತು ಹೇಳಬೇಕು. ಈ ಸಲ ನಮಗೆ ಪ್ರಾಜೆಕ್ಟ್ ಮಾಡಿಸಿದ್ದ ಮೇಡಂ ಫೋನ್ ಮಾಡಿ, "ಒಬ್ಬಳೇ ಆದರೂ ಬರ್ತೀಯಾ?" ಎಂದು ಕೇಳಿದರು. ನನ್ನ ಜೊತೆಗಾರ ಕಳೆದ ಮಳೆಗಾಲದಲ್ಲಿ ಒಂದೇ ವಾರದ ಜ್ವರಕ್ಕೆ ತೀರಿಕೊಂಡಿದ್ದ.

ಬರುತ್ತೇನೆ ಎಂದೆ. ಫೋನ್ ಇಟ್ಟ ಮೇಲೆ ಹೆದರಿಕೆಯಾಯಿತು. ಅವನು ಪ್ರತಿ ವರ್ಷವೂ ತನ್ನದೆಂದು ಹೇಳುತ್ತಿದ್ದ ತಪ್ಪು ಅವನದಲ್ಲ, ನನ್ನದು. ಅವನ ಅಮ್ಮ ಪ್ರತಿ ಸಲವೂ ಬಂದು ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ಕೇಳುತ್ತಿದ್ದರು. ಈ ಸಲವೂ ಬರುತ್ತಾರಂತೆ.

ನಮ್ಮ ಕಾಲೇಜು ಬ್ರಹ್ಮಾವರದ ಕಡೆ. ಆ ಡಿಗ್ರಿಯಲ್ಲಿ ಕಡಲಿನ ವಿಜ್ಞಾನ, ಗಣಿತ, ಚರಿತ್ರೆ, ಕನ್ನಡ ಎಲ್ಲವೂ ಒಟ್ಟಿಗೇ ಇದ್ದವು. ಉಪ್ಪುಂದದಲ್ಲಿ ನೆರೆಮನೆಯವರು "ಎಂತ ಓದುದ್ ನೀನ್?" ಎಂದರೆ ಒಂದೇ ಮಾತಿನಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ. ಹೆಸರು ಹೇಳಲಾಗದ ಓದು ಎಂದು ಅಪ್ಪನಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. "ಒಂದ್ ವರ್ಷ ಕಾಂಬ. ಸಮ ಆಗ್ದಿರೆ ಕಾಲೇಜ್ ಬಿಡ್ಸುದೇ" ಎಂದಿದ್ದರು.

ಜೊತೆಗಾರನ ಅಮ್ಮ ಮೀನು ಮಾರುವವರು. ಹಂಗಾರಕಟ್ಟೆಯ ಅವರ ಮನೆಗೆ ಮೊದಲ ಸಲ ಹೋದಾಗ ನಮ್ಮ ವಿಷಯಗಳ ಪಟ್ಟಿ ಕೇಳಿ, ತರಕಾರಿ ಹುಳಿಗೆ ಹೋಲಿಸಿ ನಕ್ಕುಬಿಟ್ಟರು. "ಅದ್ ಕ್ಲಾಸಾ, ಕೊದ್ದೆಲಾ ಹೆಣೆ? ಇದ್ದದ್ದೆಲ್ಲ ಒಂದೇ ಪಾತ್ರಿಗ್ ಹಾಕಿರಲೆ!"

ಅವರ ಮನೆಯ ಹತ್ತಿರವೇ ದೋಣಿ ಕಟ್ಟುವ ಒಬ್ಬ ಅಜ್ಜ ಇದ್ದರು. ಅರ್ಧ ಕಟ್ಟಿದ ದೋಣಿಯೊಂದರ ನಕ್ಷೆ ಮಾಡುವುದು ನಮ್ಮ ಪ್ರಾಜೆಕ್ಟ್. ಅಜ್ಜನ ಮಾತು ಕೇಳಿ ಬರೆದುಕೊಳ್ಳುವುದು ಅವನ ಪಾಲು, ಲೆಕ್ಕ ಹಾಕಿ ನಕ್ಷೆ ಬರೆಯುವುದು ನನ್ನ ಪಾಲು. ಅಗಲವನ್ನು ಟೇಪಿನಲ್ಲಿ ಅಳೆದೆವು. ಎರಡೂ ತುದಿ ಇನ್ನೂ ಕಟ್ಟಿ ಆಗಿರಲಿಲ್ಲವಾದ್ದರಿಂದ ಪೂರ್ತಿ ಉದ್ದವನ್ನು ಅಜ್ಜ ಬಾಯಲ್ಲೇ ಮೊಳದಲ್ಲಿ ಹೇಳಿದರು.

ಆ ಸಂಜೆ ಅವನು, "ಕಾಣ್, ಅಜ್ಜ ಅಳಿತಿಪ್ಪುದ್ ಮುಷ್ಟಿ ಕಟ್ಟಿ. ಬೆರಳ್ ಲೆಕ್ಕಕ್ಕಿಲ್ಲೆ" ಎಂದ.

"ಮೊಳ ಅಂದ್ರೆ ಹದಿನೆಂಟ್ ಇಂಚ್. ಪುಸ್ತಕದಗಿತ್ತ್" ಎಂದೆ ನಾನು.

"ಅಜ್ಜನ ಕೈ ಪುಸ್ತಕ ಓದಿಲ್ಲೆ ಮಾರಾಯ್ತಿ."

ನಾನು ಕೇಳಲಿಲ್ಲ. ಮೊಳಕ್ಕೆ ಹದಿನೆಂಟು ಇಂಚಿನಂತೆಯೇ ಉದ್ದ ಬರೆದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಶಾಲೆಗೇ ಮೊದಲು ಬಂದಿದ್ದೆ ಎಂಬುದು ತಲೆಯಲ್ಲಿತ್ತು.

ನಕ್ಷೆಗಳನ್ನು ಗೋಡೆಗೆ ಹಚ್ಚಿದ ದಿನ ಮನೆಯವರನ್ನೂ ಕರೆದಿದ್ದರು. ಅಪ್ಪ ಬಂದು ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು. ಅಜ್ಜ ಅಗಲಕ್ಕೆ ಹೊಂದದಷ್ಟು ಉದ್ದವಾಗಿದ್ದ ನಮ್ಮ ನಕ್ಷೆಯನ್ನು ಆಚೆಯಿಂದ ಈಚೆಯವರೆಗೆ ನೋಡಿ, "ಇದ್ ದೋಣಿಯಾ, ಕೇರೆ ಹಾವಾ?" ಎಂದರು. ಎಲ್ಲರೂ ನಕ್ಕರು. ಯಾರ ಲೆಕ್ಕ ಇದು ಎಂದು ಮೇಡಂ ಕೇಳಿದರು. ನಾನು ಅಪ್ಪನ ಕಡೆ ನೋಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು, "ತಪ್ಪು ನನ್ನದು ಮೇಡಂ. ಮುಷ್ಟಿ ಮೊಳ ಅಂತ ಇವಳಿಗೆ ಹೇಳಲೇ ಇಲ್ಲ" ಎಂದುಬಿಟ್ಟ.

ಅಪ್ಪ ನನ್ನನ್ನು ಬಿಡಿಸಲಿಲ್ಲ. ನಾನು ಓದು ಮುಗಿಸಿದೆ. ಈಗ ಬೈಂದೂರಿನಲ್ಲಿ ಕೆಲಸದಲ್ಲಿದ್ದೇನೆ.

ಆಮೇಲೆ ಪ್ರತಿ ವರ್ಷ ಅವನೇ ಆ ಕತೆ ಹೇಳುತ್ತಿದ್ದ. ಮೊಣಕೈ ಮಡಚಿ, ಮುಷ್ಟಿ ಕಟ್ಟಿ, ಅಜ್ಜನ ಹಾಗೆ ಬೆನ್ನು ಬಗ್ಗಿಸಿ ತೋರಿಸುತ್ತಿದ್ದ. ಹಿಂದಿನಿಂದ ಅವನ ಅಮ್ಮ, "ದೋಣಿ ಬುಡದಗೇ ಹುಟ್ಟಿದ ಮಾಣಿಗ್ ಮೊಳ ಗೊತ್ತಿಲ್ಲೆ!" ಎಂದು ಕೂಗಿದರೆ ಇನ್ನೊಮ್ಮೆ ನಗು. ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಮುಂದಿನ ವರ್ಷ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ.

ಪ್ರತಿ ವರ್ಷ ಸೇರುವ ದಿನ ನನ್ನ ಬಸ್ಸು ತ್ರಾಸಿ ದಾಟುವ ಹೊತ್ತಿಗೆ ಸರಿಯಾಗಿ ಅವನ ಫೋನ್ ಬರುತ್ತಿತ್ತು. "ಇನ್ನೂ ತ್ರಾಸಿಯಾ! ಹಾಂಗಾರೆ ನಾ ಮತ್ತೊಂದ್ ಚಾ ಕುಡಿತೆ." ಈ ಸಲ ಕಡಲಿನ ಬದಿಯ ಸೀಟಿನಲ್ಲಿ ಕೂತು ಮೊಬೈಲನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಕುಂದಾಪುರ ಬಂದ ಮೇಲೆ ಚೀಲದೊಳಗೆ ಹಾಕಿದೆ.

ಅವನ ಅಮ್ಮ ಅದೇ ಬೆಂಚಿನಲ್ಲಿದ್ದರು. ನಾನು ಎದ್ದು ನಿಂತು ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅವನು ಹೇಳಿದ್ದ, ನಾನು ಕೇಳಲಿಲ್ಲ, ಅಪ್ಪನಿಗೆ ಹೆದರಿ ಸುಮ್ಮನಿದ್ದೆ, ಹೆದರುವ ಕಾರಣ ಮುಗಿದ ಮೇಲೂ ಸುಮ್ಮನಿದ್ದೆ ಎಂದೆ. ಹೊಸ ಹುಡುಗರು ಯಾರೂ ನಗಲಿಲ್ಲ.

"ಇಷ್ಟ್ ವರ್ಷ ಎಂತಕ್ ಬಾಯ್ ಮುಚ್ಕಂಡಿದ್ದೆ?" ಅಮ್ಮನ ದನಿ ಗಟ್ಟಿಯಾಗಿಯೇ ಇತ್ತು. "ಇಲ್ಲಿ ಕೂಕಂಡ್ ಅವನ್ನ ನಾನೂ ಹಾಸ್ಯ ಮಾಡ್ದೆ."

"ತಪ್ಪಾಯ್ತ್ ಅಮ್ಮ" ಎಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಎದ್ದು ಮುಂದೆ ಬಂದರು. "ನೀ ಹೇಳ್ದದ್ದೂ ಸಮ ಇಲ್ಲೆ. ಮುಷ್ಟಿ ಕಟ್ಟಿ ತೋರ್ಸಲೇ ಇಲ್ಲೆ ನೀನ್. ತೋರ್ಸದೆ ಮಕ್ಕಳಿಗ್ ಹ್ಯಾಂಗ್ ಗೊತ್ತಾಪುದ್?"

ಮೊಣಕೈಯನ್ನು ಮೇಜಿಗೆ ಊರಿದರು. ಮುಷ್ಟಿ ಕಟ್ಟಿದರು. ಬೆನ್ನು ಬಗ್ಗಿಸಿ, ಒಂದು ಕಣ್ಣು ಮುಚ್ಚಿ, "ಇದ್ ದೋಣಿಯಾ, ಕೇರೆ ಹಾವಾ?" ಎಂದರು. ಅಜ್ಜನ ದನಿಯಲ್ಲ, ಅಜ್ಜನ ಅಣಕ ಮಾಡುವಾಗ ಅವರ ಮಗ ತೆಗೆಯುತ್ತಿದ್ದ ದನಿ.

ಎದುರಿನ ಸಾಲಿನಲ್ಲಿ ಒಬ್ಬಳು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಕೆಲವರು ತಮ್ಮ ಕೈಯನ್ನು ಡೆಸ್ಕಿನ ಮೇಲಿಟ್ಟು ಮುಷ್ಟಿ ಕಟ್ಟಿ, ಬಿಚ್ಚಿ ನೋಡತೊಡಗಿದರು. "ನೀನೂ ಇಡ್" ಎಂದರು ಅಮ್ಮ. ನಾನು ನನ್ನ ಕೈಯನ್ನು ಅವರ ಕೈಯ ಪಕ್ಕದಲ್ಲಿ ಇಟ್ಟೆ.